ಉಡಿಕಿ (ಗಂಡ ಸತ್ತವಳ ಮರುಮದುವೆ) ಆದವಳ ಹೊಲ ಯಾಕೆ ಹೋಯಿತು? 1856ರಲ್ಲೇ ಕಾನೂನು ಬಂದಿತ್ತಲ್ವಾ?

ಸಿಂಧನೂರು ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಈಗ ನಿವೃತ್ತಿ ಆಗಿದೆ. ಈಶ್ವರಚಂದ್ರ ವಿದ್ಯಾಸಾಗರರ ಪಾಠ ಪ್ರತಿ ವರ್ಷ ಬರುತ್ತಿತ್ತು. 1856ರಲ್ಲಿ ವಿಧವಾ ಮರುವಿವಾಹ ಕಾಯ್ದೆ ಬಂತು, ಗಂಡ ಸತ್ತ ಹೆಣ್ಣುಮಕ್ಕಳಿಗೆ ಹೊಸ ಬದುಕು ಸಿಕ್ಕಿತು ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಎರಡು ಅಂಕ.

ಆದರೆ ನಮ್ಮ ಮನೆಯ ಒಂದು ಕಥೆ ಈ ಪಾಠಕ್ಕೆ ಹೊಂದುವುದೇ ಇಲ್ಲ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ ಕಥೆ ಅದು. ಅಂದರೆ 1880ರ ಆಸುಪಾಸಿನ ಮಾತು.

ಆ ಹಿರಿಯಜ್ಜಿಯನ್ನು ಮೊದಲು ಕೊಟ್ಟದ್ದು ತುಂಗಭದ್ರಾ ಹೊಳೆಯ ಆಚೆ, ಸಿರುಗುಪ್ಪದ ಕಡೆ. ಒಕ್ಕಲುತನದ ಮನೆ. ಧಾತು, ಈಶ್ವರ ಸಂವತ್ಸರದ ಬರ ಬಂತಲ್ಲ, 1876ರಿಂದ 78ರವರೆಗೆ, ಆ ಬರದಲ್ಲಿ ಗಂಡ ಹೋದ. ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸೊಂಟದ ಮೇಲೆ ಒಂದು ಹೆಣ್ಣು ಕೂಸು. ಬರ ಕಳೆದ ಮೇಲೆ ಗಂಡನ ಎರೆಹೊಲವನ್ನು ಎರಡು ವರ್ಷ ತಾನೇ ನಿಂತು ಬಿತ್ತಿಸಿದಳಂತೆ. ಒಂದು ವರ್ಷ ಬಿಳಿಜೋಳ, ಒಂದು ವರ್ಷ ಹತ್ತಿ. ಹತ್ತಿ ಬಿಡಿಸುವಾಗ ಕೂಸನ್ನು ಹೊಲದ ಬದುವಿನ ಮೇಲೆ ಮಲಗಿಸುತ್ತಿದ್ದಳು ಅಂತ ನಮ್ಮಜ್ಜಿ ಹೇಳುತ್ತಿದ್ದರು.

ಆಮೇಲೆ ಹೊಳೆಯ ಈಚೆಯಿಂದ, ನಮ್ಮ ಊರಿನಿಂದ, ಒಬ್ಬರು ಉಡಿಕಿಗೆ ಕೇಳಿದರು. ನಮ್ಮವರಲ್ಲಿ ಉಡಿಕಿ ಹೊಸದೇನಲ್ಲ. ರಾತ್ರಿ ಹೊತ್ತು ದೀಪದ ಬೆಳಕಿನಲ್ಲಿ ಹೊಸ ಸೀರೆ ಉಡಿಸುತ್ತಾರೆ, ಕೈಗೆ ಬಳೆ ಇಡುತ್ತಾರೆ. ವಾದ್ಯ ಇಲ್ಲ. ಮುತ್ತೈದೆಯರು ಎದುರಿಗೆ ಬರುವುದಿಲ್ಲ. ಆದರೂ ಕುಲದ ಹಿರಿಯರು ಕೂತು ಒಪ್ಪಿದ ಮದುವೆ ಅದು. ಕಲ್ಕತ್ತೆಯಲ್ಲಿ ಕಾನೂನು ಆಗುವ ಎಷ್ಟೋ ಮೊದಲಿನಿಂದ ನಡೆದು ಬಂದದ್ದು.

ಉಡಿಕಿ ಗೊತ್ತಾದದ್ದೇ ತಡ, ಮೈದುನರು ಬಂದು ಹೊಲ ಬಿಡು ಅಂದರು. ಕೋರಿಗೆ (ಬೆಳೆಯ ಪಾಲಿಗೆ) ಹಾಕಿ ಮಗಳಿಗಾಗಿ ಇಡುತ್ತೇನೆ ಅಂತ ಇವಳು ಕೇಳಿಕೊಂಡಳು. 'ಸೀರೆ ಉಟ್ಟ ಗಳಿಗೆಗೆ ನೀನು ಈ ಮನಿಗೆ ಸತ್ತಿ. ಸರಕಾರದ ಕಾನೂನೇ ಹಂಗೈತಿ' ಅಂದರಂತೆ. ಕೂಸನ್ನೂ ಇಟ್ಟುಕೊಂಡರು. ಇವಳು ಒಂದು ಗಂಟು ಕಟ್ಟಿಕೊಂಡು ಹರಿಗೋಲು ಹತ್ತಿ ಈಚೆಗೆ ಬಂದಳು. ಈಚೆಯ ಸಂಸಾರದಲ್ಲಿ ಹುಟ್ಟಿದವರ ಪೈಕಿ ನಾವು. ಮೊದಲ ಮಗಳನ್ನು ಅವಳು ನೋಡುತ್ತಿದ್ದದ್ದು ವರ್ಷಕ್ಕೆ ಒಮ್ಮೆ, ಹುಲಿಗೆಮ್ಮನ ಜಾತ್ರೆಯಲ್ಲಿ, ಅದೂ ದೂರದಿಂದ.

'ಸೀರೆ ಉಟ್ಟಳು, ಹೊಲ ಬಿಟ್ಟಳು' ಅನ್ನುವುದು ನಮ್ಮ ಮನೆಯಲ್ಲಿ ಈಗಲೂ ಇರುವ ಮಾತು.

ನನ್ನ ಪ್ರಶ್ನೆ ಇಷ್ಟೇ. 1856ರ ಕಾನೂನು ಗಂಡ ಸತ್ತವರಿಗೆ ಸಹಾಯ ಮಾಡಲು ಬಂದದ್ದು ಅಲ್ವಾ? ಹಾಗಿದ್ದರೆ ಮೈದುನರು ಯಾವ ಕಾನೂನಿನ ಮಾತು ಹೇಳಿದರು? ಓದು ಬರದ ಹೆಣ್ಣುಮಗಳಿಗೆ ಸುಳ್ಳು ಹೇಳಿ ಹೆದರಿಸಿದರು ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ಈಗ ಅನುಮಾನ ಬಂದಿದೆ. ಹಳೆಯ ಕಾನೂನು ಗೊತ್ತಿರುವವರು ದಯವಿಟ್ಟು ಹೇಳಿ. ಸುಮ್ನೆ ಕೇಳುತ್ತಿಲ್ಲ. ಸಾವಿರಾರು ಮಕ್ಕಳಿಗೆ ಆ ಎರಡು ಅಂಕದ ಉತ್ತರ ಬರೆಸಿದವಳು ನಾನು.

ಬಳ್ಳಾರಿ ವಕೀಲ:

ಟೀಚರ್, ಮೈದುನರು ಸುಳ್ಳು ಹೇಳಲಿಲ್ಲ. ಹೀಗೆ ಬರೆಯಲು ನನಗೆ ಕಷ್ಟ ಆಗುತ್ತಿದೆ.

ನಾನು ನಲವತ್ತು ವರ್ಷ ಸಿವಿಲ್ ಕೇಸು ನಡೆಸಿದವನು. ಜೂನಿಯರ್ ಆಗಿದ್ದಾಗ ನಮ್ಮ ಸೀನಿಯರ್ 1856ರ 15ನೇ ಕಾಯ್ದೆಯನ್ನು ಕೈಗೆ ಕೊಟ್ಟು, ಎರಡನೇ ಕಲಮು ಜೋರಾಗಿ ಓದು ಅಂದಿದ್ದರು. ಒಂದನೇ ಕಲಮು ನಿಮ್ಮ ಪಾಠದಲ್ಲಿ ಇರುವುದು: ಗಂಡ ಸತ್ತವಳ ಮದುವೆ ಕಾನೂನುಬದ್ಧ, ಅವಳ ಮಕ್ಕಳಿಗೂ ಹಕ್ಕು ಇದೆ. ಎರಡನೆಯದು ಪಾಠದಲ್ಲಿ ಬರುವುದಿಲ್ಲ. ಸತ್ತ ಗಂಡನ ಆಸ್ತಿಯಲ್ಲಿ ಅವಳಿಗೆ ಇರುವ ಹಕ್ಕು, ಜೀವನಾಂಶ ಇರಲಿ, ವಾರಸು ಇರಲಿ, ಮರುಮದುವೆ ಆದ ಕೂಡಲೇ ನಿಂತು ಹೋಗುತ್ತದೆ. ಹೇಗೆ ಅಂದರೆ, ಅವಳು ಆ ಕ್ಷಣಕ್ಕೆ ಸತ್ತಳೋ ಎಂಬ ಹಾಗೆ. ಇದು ನನ್ನ ಮಾತಲ್ಲ, ಕಲಮಿನ ಒಳಗೇ ಹಾಗೆ ಇದೆ. 'ನೀನು ಈ ಮನಿಗೆ ಸತ್ತಿ' ಅನ್ನುವುದು ನಿಮಗೆ ಬೈಗುಳದ ಹಾಗೆ ಕೇಳಿರಬಹುದು. ಕಾನೂನು ಬಲ್ಲವರು ಯಾರೋ ಆ ಮೈದುನರಿಗೆ ಹೇಳಿಕೊಟ್ಟಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಹಳ್ಳಿಯ ಮಾತು ಕಲಮಿನ ಮಾತಿಗೆ ಅಷ್ಟು ಸರಿಯಾಗಿ ಕೂತಿದೆ.

ಇದು ಹೀಗೆ ಯಾಕೆ ಆಯಿತು? ವಿದ್ಯಾಸಾಗರರ ಕಣ್ಣ ಮುಂದೆ ಇದ್ದದ್ದು ಬಂಗಾಳದ ಮೇಲು ಜಾತಿಯ ಮನೆಗಳು. ಅಲ್ಲಿ ಮರುಮದುವೆಯೇ ಇರಲಿಲ್ಲ. 1855ರಲ್ಲಿ ಅವರು ಕೊಟ್ಟ ಅರ್ಜಿಗೆ ಸಹಿ ಹಾಕಿದವರು ಸಾವಿರದ ಹತ್ತಿರ. ವಿರೋಧಿಸಿ ರಾಧಾಕಾಂತ ದೇವ್ ಕಡೆಯವರು ಕೊಟ್ಟ ಅರ್ಜಿಗೆ 36 ಸಾವಿರಕ್ಕೂ ಜಾಸ್ತಿ ಸಹಿ. ಅಷ್ಟು ವಿರೋಧದ ನಡುವೆ ಪಾಸಾದ ಕಾನೂನು ಅದು. ಇನ್ನು ಆಸ್ತಿಯ ಬಗ್ಗೆ ಹಳೆಯ ಧರ್ಮಶಾಸ್ತ್ರದ ಲೆಕ್ಕ ಬೇರೆ. ಹೆಂಡತಿ ಗಂಡನ ಅರ್ಧ ದೇಹ, ಅವಳು ಇರುವವರೆಗೆ ಅವನ ಅರ್ಧ ಬದುಕಿದೆ, ಅದಕ್ಕಾಗಿ ಆಸ್ತಿ ಅವಳ ಕೈಯಲ್ಲಿ. ಬೇರೆಯವನ ಹೆಂಡತಿ ಆದಳೋ, ಆ ಅರ್ಧವೂ ಹೋಯಿತು.

ಉಡಿಕಿ ಇರುವ ಕುಲಗಳಿಗೆ ಈ ಕಾನೂನು ಬೇಕಾಗಿರಲೇ ಇಲ್ಲ. ಒಂದನೇ ಕಲಮು ಕೊಟ್ಟದ್ದು ಅವರ ಹತ್ತಿರ ಮೊದಲೇ ಇತ್ತು. ಹಾಗಾದರೆ ಎರಡನೇ ಕಲಮು ಅವರಿಗೆ ತಟ್ಟಬೇಕಾ? ಇದರ ಮೇಲೆ ಹೈಕೋರ್ಟುಗಳು ಬೇರೆ ಬೇರೆ ದಾರಿ ಹಿಡಿದವು. ಅಲಹಾಬಾದ್ ಹೈಕೋರ್ಟ್ 1889ರಲ್ಲಿ, ಪದ್ಧತಿಯ ಪ್ರಕಾರ ಮರುಮದುವೆ ಆಗುವವರಿಗೆ ಈ ಕಲಮು ಇಲ್ಲ ಅಂತ ಹೇಳಿತು. ನಮ್ಮದು ಆಗ ಮದ್ರಾಸ್ ಪ್ರಾಂತ್ಯ. ಮದ್ರಾಸ್ ಹೈಕೋರ್ಟ್ 1877ರಲ್ಲೇ, ಮುರುಗಾಯಿ ಮತ್ತು ವೀರಮಾಕಾಳಿ ಮೊಕದ್ದಮೆಯಲ್ಲಿ, ತಮಿಳು ಸೀಮೆಯ ಮರವರ್ ಕುಲದ ಹೆಣ್ಣುಮಗಳೊಬ್ಬಳ ವಿರುದ್ಧ ತೀರ್ಪು ಕೊಟ್ಟಿತ್ತು. ಅವಳ ಕುಲದಲ್ಲಿ ಮರುಮದುವೆ ರೂಢಿ. ಆದರೂ ಮೊದಲ ಗಂಡನ ಆಸ್ತಿ ಹೋಯಿತು. ವರ್ಷ ನೋಡಿ. ನಿಮ್ಮ ಹಿರಿಯಜ್ಜಿ ಬರದಲ್ಲಿ ಗಂಡನನ್ನು ಕಳೆದುಕೊಂಡ ಹೊತ್ತಿಗೇ ಆ ತೀರ್ಪು ಬಂದಿತ್ತು.

ಇನ್ನೊಂದು ಮಾತು. ಅವಳು ಹೆತ್ತ ಕೂಸನ್ನೂ ಬಿಟ್ಟು ಬಂದಳು ಅಂದಿರಿ. ಮೂರನೇ ಕಲಮಿನಲ್ಲಿ ಅದೂ ಇದೆ. ತಾಯಿ ಮರುಮದುವೆ ಆದರೆ, ಸತ್ತವನ ಕಡೆಯವರು ಮಗುವಿಗೆ ಬೇರೆ ಪೋಷಕರನ್ನು ನೇಮಿಸಿ ಅಂತ ಕೋರ್ಟಿಗೆ ಅರ್ಜಿ ಕೊಡಬಹುದು. ಅರ್ಜಿ ಕೊಡಬಹುದು ಅಷ್ಟೇ. ಸುಮ್ಮನೆ ಕೂಸನ್ನು ಕಿತ್ತುಕೊಳ್ಳಬಹುದು ಅಂತ ಎಲ್ಲೂ ಇಲ್ಲ.

ಈಗ ನಾನು ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕು. ಅಣ್ಣತಮ್ಮಂದಿರು ಪಾಲಾಗಿದ್ದರಾ, ಕೂಡಿ ಇದ್ದರಾ? ಎಲ್ಲವೂ ಇದರ ಮೇಲೆ ನಿಂತಿದೆ. ಕೂಡಿ ಇದ್ದರೆ ಹೊಲ ಮೊದಲಿನಿಂದಲೂ ಉಳಿದ ಅಣ್ಣತಮ್ಮಂದಿರದೇ, ಇವಳಿಗೆ ಇದ್ದದ್ದು ಅನ್ನ ಬಟ್ಟೆ ಮಾತ್ರ. ಪಾಲಾಗಿದ್ದರೆ ಗಂಡನ ಪಾಲು ಇವಳಿಗೆ ಬದುಕಿರುವ ತನಕ. ಗಂಡುಮಕ್ಕಳಿಲ್ಲದೆ ಇದ್ದರೆ ಇವಳ ನಂತರ ಯಾರಿಗೆ? ಮೈದುನರಿಗಲ್ಲ. ಮಗಳಿಗೆ. ಕಾನೂನು ಇವಳನ್ನು ಸತ್ತಂತೆ ಎಣಿಸಿದರೆ, ಅದೇ ಗಳಿಗೆಗೆ ಹೊಲ ಆ ಕೂಸಿನದು ಆಗಬೇಕಿತ್ತು.

ಕೋಟೆ ಕೆಳಗಿನವಳು:

ವಕೀಲರ ಮಾತು ಓದಿ ಮನಸ್ಸು ಭಾರ ಆಯಿತು. ಆದರೂ ವಿದ್ಯಾಸಾಗರರ ಪಾಠವನ್ನು ಕೈಬಿಡಬೇಡಿ ಟೀಚರ್. ನನ್ನ ಕಡೆಯಿಂದ ಒಂದು ಮಾತು ಹೇಳಲೇಬೇಕು.

ನಾನು ಬಳ್ಳಾರಿಯ ಬ್ರಾಹ್ಮಣರ ಮನೆಯವಳು. ನನ್ನ ತಾತನ ಅಕ್ಕ ಹನ್ನೊಂದು ವರ್ಷಕ್ಕೆ ಗಂಡನನ್ನು ಕಳೆದುಕೊಂಡವರು. ಆತನ ಮುಖ ನೆನಪೇ ಇರಲಿಲ್ಲ ಅವರಿಗೆ. ನಾನು ಸಣ್ಣವಳಿದ್ದಾಗ ಅವರಿಗೆ ಎಂಬತ್ತರ ಮೇಲೆ. ಕೆಂಪು ಸೀರೆ, ಬೋಳು ತಲೆಯ ಮೇಲೆ ಸೆರಗು. ತಿಂಗಳಿಗೆ ಒಮ್ಮೆ ಹಿತ್ತಲ ಬಾಗಿಲಿಗೆ ಕ್ಷೌರದವನು ಬರುತ್ತಿದ್ದ. ಆ ದಿನ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಒಪ್ಪೊತ್ತು ಊಟ. ಮದುವೆ ಮನೆಯ ಅಡುಗೆಯೆಲ್ಲ ಅವರದು, ಆದರೆ ಮಂಟಪದ ಹತ್ತಿರ ಬರುವ ಹಾಗಿಲ್ಲ. ಎಪ್ಪತ್ತು ವರ್ಷ ಹೀಗೆ.

ಅವರ ಪಾಲಿಗೆ ಇದ್ದದ್ದು ಆ ಕಾನೂನಿನ ಬಾಗಿಲು ಒಂದೇ. ಅದನ್ನು ತೆರೆಯಲು ಮನೆಯಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ನಮ್ಮ ತಾತ ತೆಲುಗು ಚೆನ್ನಾಗಿ ಓದುತ್ತಿದ್ದರು. ಕಂದುಕೂರಿ ವೀರೇಶಲಿಂಗಂ 1881ರ ಡಿಸೆಂಬರಿನಲ್ಲಿ ರಾಜಮಂಡ್ರಿಯಲ್ಲಿ ಮೊದಲ ವಿಧವಾ ವಿವಾಹ ಮಾಡಿಸಿದ ವಿಷಯ ಅವರಿಗೆ ಗೊತ್ತಿತ್ತು. ಅದೂ ಇದೇ ಮದ್ರಾಸ್ ಪ್ರಾಂತ್ಯ. ಬಂದವರಿಗೆಲ್ಲ ಆ ಕಥೆ ಹೇಳುತ್ತಿದ್ದರು. ಒಳಗೆ ಅಡುಗೆಮನೆಯಲ್ಲಿ ಅಕ್ಕ ಕೇಳಿಸಿಕೊಳ್ಳುತ್ತಿದ್ದರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಉಡಿಕಿ ಇದ್ದ ಕುಲಗಳಲ್ಲಿ ಹೆಣ್ಣುಮಗಳು ಹೊಲ ಕಳೆದುಕೊಂಡಳು, ಸಂಸಾರ ಸಿಕ್ಕಿತು. ನಮ್ಮಲ್ಲಿ ಊಟ ಬಟ್ಟೆ ಉಳಿಯಿತು, ಬದುಕು ಹೋಯಿತು. ಯಾವುದು ದೊಡ್ಡದು ಅಂತ ನಾನು ತೂಗುವುದಿಲ್ಲ. ಪಾಠದಲ್ಲಿ ಎರಡೂ ಬರಲಿ ಅಂತ ಕೇಳುತ್ತೇನೆ.

ರಾಯಚೂರು ಎಲ್‌ಎಲ್‌ಬಿ:

ವಕೀಲರೇ, ನೀವು ಹೇಳಿದ್ದು ಓದುವಾಗ ನನಗೆ ರುಖ್ಮಾಬಾಯಿ ನೆನಪಾದರು. ಅವರ ಕೇಸನ್ನು ನಮಗೆ ದಾಂಪತ್ಯ ಹಕ್ಕಿನ ಪಾಠದಲ್ಲಿ ಹೇಳುತ್ತಾರೆ. ಹನ್ನೊಂದು ವರ್ಷಕ್ಕೆ ಮದುವೆ. ಗಂಡ ದಾದಾಜಿ ಭಿಕಾಜಿ 1884ರಲ್ಲಿ ಮುಂಬೈ ಹೈಕೋರ್ಟಿಗೆ ಹೋಗಿ ಹೆಂಡತಿಯನ್ನು ಮನೆಗೆ ಕಳಿಸಿ ಅಂದ. ನ್ಯಾಯಮೂರ್ತಿ ಪಿನ್ಹೆ 1885ರಲ್ಲಿ ಅವಳ ಪರ ಹೇಳಿದರು. ಮೇಲ್ಮನವಿಯಲ್ಲಿ ಅದು ಬಿದ್ದು ಹೋಯಿತು. 1887ರಲ್ಲಿ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲು ಅಂತ ಆಯಿತು. ಜೈಲಿಗೇ ಹೋಗುತ್ತೇನೆ ಅಂದಳು ಆಕೆ. 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿ ಆಯಿತು. ಆಮೇಲೆ ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ಬಂದು ಸೂರತ್, ರಾಜಕೋಟ್‌ಗಳಲ್ಲಿ ಕೆಲಸ ಮಾಡಿದರು.

ಕ್ಲಾಸಿನಲ್ಲಿ ಹೇಳದ ಒಂದು ವಿಷಯ ಇದೆ. ರುಖ್ಮಾಬಾಯಿ ತಾಯಿ ಜಯಂತಿಬಾಯಿ ಕೂಡ ಗಂಡ ಸತ್ತ ಮೇಲೆ ಮರುಮದುವೆ ಆದವರು. ಅವರದು ಸುತಾರ ಕುಲ, ಬಡಗಿಗಳು. ಅವರಲ್ಲಿ ಮರುಮದುವೆ ಇತ್ತು. ಡಾಕ್ಟರ್ ಸಖಾರಾಮ ಅರ್ಜುನರನ್ನು ಮದುವೆ ಆಗುವ ಮೊದಲು ಜಯಂತಿಬಾಯಿ ಮೊದಲ ಗಂಡನಿಂದ ಬಂದ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದರು. ಟೀಚರ್ ಅವರ ಹಿರಿಯಜ್ಜಿ ಕೇಳಿದ್ದೂ ಇದನ್ನೇ ಅಲ್ವಾ, ಮಗಳಿಗಾಗಿ ಇಡುತ್ತೇನೆ ಅಂತ? ಮುಂಬೈಯ ಆ ಮನೆಯಲ್ಲಿ ಓದು ಇತ್ತು, ಕಾಗದ ಮಾಡಿಸುವವರು ಇದ್ದರು. ಸಿರುಗುಪ್ಪದ ಹಳ್ಳಿಯಲ್ಲಿ ಇವಳ ಪರ ಒಬ್ಬರೂ ಇರಲಿಲ್ಲ.

ನನ್ನದೂ ಒಂದು ಪ್ರಶ್ನೆ. ಹೊಳೆಯ ಈಚೆ ನಮ್ಮ ರಾಯಚೂರು ಆಗ ನಿಜಾಮರದು. 1853ರಿಂದ 1860ರವರೆಗೆ ಮಾತ್ರ ಕೃಷ್ಣಾ ತುಂಗಭದ್ರಾ ನಡುವಿನ ಈ ದೋಆಬ್ ಇಂಗ್ಲಿಷರ ಕೈಯಲ್ಲಿ ಇತ್ತು. ಅಂದರೆ ಆಕೆ ಹರಿಗೋಲಿನಲ್ಲಿ ದಾಟಿದ್ದು ಕಾನೂನಿನ ಗಡಿಯನ್ನೂ ಹೌದಾ?

ಬಳ್ಳಾರಿ ವಕೀಲ:

ಹೌದು. ಇಂಗ್ಲಿಷರ ಕಾಯ್ದೆಗಳು ನಿಜಾಮರ ಸೀಮೆಗೆ ತಾವಾಗಿ ಬರುತ್ತಿರಲಿಲ್ಲ. ಆದರೆ ಹೊಲ ಇದ್ದದ್ದು ಆಚೆ ದಂಡೆಯಲ್ಲಿ. ಹೊಲ ಎಲ್ಲಿದೆಯೋ ಅಲ್ಲಿಯ ಕೋರ್ಟು.

ಜಯಂತಿಬಾಯಿ ವಿಷಯ ಒಳ್ಳೆಯದು ನೆನಪು ಮಾಡಿದಿರಿ. ನಾನು ಹೇಳಬೇಕಾಗಿದ್ದನ್ನು ನೀವು ಹೇಳಿದಿರಿ.

ಹುಲಿಗಿ ಹತ್ತಿರದವಳು:

ಜಾತ್ರೆಯ ಹೆಸರು ನೋಡಿ ಬರೆಯುತ್ತಿದ್ದೇನೆ. ನಾನು ಕೊಪ್ಪಳ ಜಿಲ್ಲೆಯಲ್ಲಿ ದೇವದಾಸಿ ತಾಯಂದಿರ ಜೊತೆ ಕೆಲಸ ಮಾಡುವವಳು. ನನ್ನ ಮುತ್ತಜ್ಜಿಯೂ ಬಸವಿ.

ಮಗಳಿಗೆ ಹೊಲ ಹೋಗಬೇಕಿತ್ತು ಅಂತ ವಕೀಲರು ಬರೆದಿದ್ದಾರೆ. ನಮ್ಮ ಸೀಮೆಯಲ್ಲಿ ಗಂಡುಮಕ್ಕಳಿಲ್ಲದ ತಂದೆತಾಯಿ ಹೊಲ ಉಳಿಸಿಕೊಳ್ಳಲು ಹುಡುಕಿದ ದಾರಿ ಬಸವಿ ಬಿಡುವುದು. ಮಗಳನ್ನು ದೇವರ ಹೆಸರಿಗೆ ಬಿಟ್ಟರೆ ಅವಳು ತವರಲ್ಲೇ ಉಳಿಯುತ್ತಾಳೆ, ಮಗನ ಹಾಗೆ ಪಾಲು ತೆಗೆದುಕೊಳ್ಳುತ್ತಾಳೆ, ಅವಳ ಮಕ್ಕಳು ಅಜ್ಜನ ಮನೆತನದ ಹೆಸರು ಹೇಳುತ್ತಾರೆ, ಅವಳೇ ತಂದೆಗೆ ಕೊಳ್ಳಿ ಇಡುತ್ತಾಳೆ. 1890ರ ದಶಕದ ಆರಂಭದಲ್ಲಿ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಬಸವಿಯರ ಮೇಲೆ ಒಂದು ಲೇಖನವನ್ನೇ ಬರೆದ. ಗಂಡಸಿನ ಹಕ್ಕು ಪಡೆಯುವ ಹೆಂಗಸರು ಅಂತ ಅವನಿಗೆ ಆಶ್ಚರ್ಯ.

ಅದಕ್ಕೆ ಅವಳು ಕೊಟ್ಟ ಬೆಲೆ ಏನು ಅಂತ ನನಗೆ ಗೊತ್ತು. ನನ್ನ ಮುತ್ತಜ್ಜಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟಾಗ ಅವಳಿಗೆ ಏನೂ ತಿಳಿಯದ ವಯಸ್ಸು. ಎರಡು ಎಕರೆ ಹೊಲಕ್ಕೆ ಅವಳ ಬದುಕು ಹೋಯಿತು. ಹದಿನಾರರ ಕೆಳಗಿನ ಹುಡುಗಿಯನ್ನು ಹೀಗೆ ಕೊಟ್ಟರೆ ಶಿಕ್ಷೆ ಅಂತ 1860ರ ದಂಡ ಸಂಹಿತೆಯ 372ನೇ ಕಲಮಿನಲ್ಲಿ ಇತ್ತು. ಮದ್ರಾಸ್ ಸೀಮೆಯಲ್ಲಿ ಆ ಕಲಮಿನ ಮೇಲೆ ಕೇಸುಗಳೂ ನಡೆದವು. ಆದರೆ ಸುಮ್ಮನೆ ಮದುವೆ ಮಾಡಿಕೊಟ್ಟ ಮಗಳಿಗೂ ತಂದೆಯ ಹೊಲದಲ್ಲಿ ಮಗನ ಸಮ ಪಾಲು ಇದೆ ಅಂತ ಆಗ ಯಾವ ಕಾನೂನೂ ಹೇಳಲಿಲ್ಲ. ಅದೊಂದು ಹೇಳಿದ್ದರೆ ಎಷ್ಟು ಹುಡುಗಿಯರು ಉಳಿಯುತ್ತಿದ್ದರೋ. ನಿಷೇಧದ ಕಾನೂನು ಬಳ್ಳಾರಿಗೆ ಮದ್ರಾಸಿನಿಂದ 1947ರಲ್ಲಿ ಬಂತು. ಕರ್ನಾಟಕದ ಕಾನೂನು 1982ರದು. ಅದರ ನಂತರವೂ ಮುತ್ತು ಕಟ್ಟಿಸಿಕೊಂಡವರು ಇವತ್ತು ನನ್ನ ಎದುರಿಗೆ ಪಿಂಚಣಿ ಅರ್ಜಿ ಹಿಡಿದು ಕೂತಿರುತ್ತಾರೆ.

ಟೀಚರ್, ಆ ಕೂಸು ಮುಂದೆ ಏನಾಯಿತು? ಎಲ್ಲರೂ ತಾಯಿಯ ಬಗ್ಗೆ ಮಾತಾಡುತ್ತಿದ್ದೇವೆ.

ಸಿಂಧನೂರು ಟೀಚರ್:

ಎಲ್ಲ ಓದಿದೆ. ಎರಡು ದಿನ ಉತ್ತರ ಬರೆಯಲು ಆಗಲಿಲ್ಲ.

ಕಾರಟಗಿಯಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಎಂಬತ್ತು ದಾಟಿದೆ, ನೆನಪು ಗಟ್ಟಿ ಇದೆ. ನಿನ್ನೆ ಬಸ್ಸು ಹತ್ತಿ ಹೋಗಿ ವಕೀಲರ ಪ್ರಶ್ನೆಯನ್ನೇ ಕೇಳಿದೆ. ಅಣ್ಣತಮ್ಮಂದಿರು ಕೂಡಿ ಇದ್ದರಾ? ಅತ್ತೆ ತಡ ಮಾಡದೆ ಹೇಳಿದರು: 'ಎಲ್ಲಿ ಕೂಡಿ? ಮೂರು ಒಲಿ, ಮೂರು ಕಣ. ಕಿಸ್ತೂ ಅವರವರದು ಅವರವರು ಕಟ್ಟತಿದ್ರು.'

ಹುಲಿಗಿ ಹತ್ತಿರದವರ ಪ್ರಶ್ನೆಗೂ ಉತ್ತರ ಸಿಕ್ಕಿತು. ಆ ಕೂಸನ್ನು ದೊಡ್ಡ ಮೈದುನ ತನ್ನ ಹೆಂಡತಿಯ ತಮ್ಮನಿಗೆ ಕೊಟ್ಟು ಮದುವೆ ಮಾಡಿದನಂತೆ. ಒಂಬತ್ತು ವರ್ಷ ಅವಳಿಗೆ. ಆ ವರ್ಷದ ಜಾತ್ರೆಗೆ ಹಿರಿಯಜ್ಜಿ ಹೋದಾಗ ಮಗಳ ಕೊರಳಲ್ಲಿ ತಾಳಿ ನೋಡಿದಳು. ಹತ್ತಿರ ಹೋಗಿ ಮಂಡಾಳು, ಮಿರ್ಚಿ ಕೊಡಿಸಿದಳು. ಇವಳು ಯಾರು ಅಂತ ಹುಡುಗಿ ಪಕ್ಕದವರನ್ನು ಕೇಳಿದಳಂತೆ. ನಿಮ್ಮ ತಾಯಿ ಬರದಾಗ ಹೋದಳು ಅಂತ ಅವಳಿಗೆ ಹೇಳಿ ಬೆಳೆಸಿದ್ದರು.

ಇದನ್ನು ನಮ್ಮಜ್ಜಿ ನನಗೆ ಹೇಳಿರಲಿಲ್ಲ.

ವಕೀಲರೇ, ಮೂರು ಒಲೆ, ಮೂರು ಕಣ ಅಂದರೆ ಪಾಲಾಗಿದ್ದರು ಅಂತ ಅರ್ಥ ಅಲ್ವಾ?

ಬಳ್ಳಾರಿ ವಕೀಲ:

ಒಲೆ ಬೇರೆ ಆದದ್ದೊಂದನ್ನೇ ಹಿಡಿದು ಪಾಲು ಅನ್ನಲು ಆಗುವುದಿಲ್ಲ. ಕಣ ಬೇರೆ, ಕಂದಾಯದ ಕಿಸ್ತು ಬೇರೆ ಅಂದರೆ ಮಾತು ಬೇರೆ. ಕಲೆಕ್ಟರ್ ಮನ್ರೋ ಕಾಲದಿಂದ ಬಳ್ಳಾರಿ ಸೀಮೆ ರೈತವಾರಿ, ಕಂದಾಯದ ಪಟ್ಟಾ ರೈತನ ಹೆಸರಿನಲ್ಲಿ. ಮೂರು ಹೆಸರಿನಲ್ಲಿ ಮೂರು ಪಟ್ಟಾ ಸಿಕ್ಕರೆ ಅದು ದೊಡ್ಡ ಸಾಕ್ಷಿ. ಕರಣಂ (ಊರ ಲೆಕ್ಕ ಬರೆಯುವವನು) ಇಟ್ಟ ಲೆಕ್ಕದ ಹಳೆಯ ಪುಸ್ತಕಗಳು ಉಳಿದಿದ್ದರೆ ನೋಡಬೇಕು. ನಾನು ಜೊತೆಗೆ ಬರುತ್ತೇನೆ.

ಕೇಸು ಹಾಕುವ ಮಾತಲ್ಲ ಇದು, ಆ ಕಾಲ ಎಂದೋ ಮುಗಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಗಂಡನಿಂದ ಬಂದ ಆಸ್ತಿ ಹೆಂಡತಿಗೆ ಪೂರ್ತಿ ತನ್ನದು. ಆಮೇಲೆ ಮದುವೆ ಆದರೂ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಈಗಲೂ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ 'ಬಿಟ್ಟು ಹೋಗು' ಅನ್ನುತ್ತಾರೆ. ನನ್ನ ಕಚೇರಿಗೇ ಅಂಥವರು ಬಂದಿದ್ದಾರೆ. 1856ರ ಕಾಯ್ದೆ ಪುಸ್ತಕದಿಂದ ಹೋದದ್ದು 1983ರಲ್ಲಿ. ಟೀಚರ್, ಪಾಠದಲ್ಲಿ ಇದನ್ನೂ ಸೇರಿಸಿ.

ಸಿಂಧನೂರು ಟೀಚರ್:

ಪಾಠ ಮಾಡುವ ಕೆಲಸ ಮುಗಿದಿದೆ ಸರ್. ಆದರೆ ನಮ್ಮ ಬೀದಿಯ ಮಕ್ಕಳು ಸಂಜೆ ಓದಲು ಬರುತ್ತಾರೆ. ನಿನ್ನೆ ಎರಡನೇ ಕಲಮನ್ನು ಅವರಿಗೆ ಕನ್ನಡದಲ್ಲಿ ಬರೆಸಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪೆನ್ನು ನಿಲ್ಲಿಸಿ, 'ಟೀಚರ್, ಗಂಡ ಮರುಮದುವೆ ಆದರೆ ಅವನೂ ಸತ್ತಂತೇನಾ?' ಅಂತ ಕೇಳಿದಳು.

ಗುರುವಾರ ಬರುತ್ತೇನೆ. ಸಿಂಧನೂರಿನಿಂದ ದಢೇಸೂಗೂರು ಸೇತುವೆ ದಾಟಿದರೆ ಸಿರುಗುಪ್ಪ ದೂರ ಇಲ್ಲ. ಆ ಎರೆಹೊಲ ಈಗ ಕಾಲುವೆ ನೀರಿಗೆ ಭತ್ತದ ಗದ್ದೆ ಆಗಿದೆಯಂತೆ. ಪಟ್ಟಾ ಸಿಗದಿದ್ದರೂ ನನಗೆ ಬೇಸರ ಇಲ್ಲ. ಆ ಹುಡುಗಿಯ ಮಕ್ಕಳ ಮಕ್ಕಳು ಯಾರಾದರೂ ಊರಲ್ಲಿ ಇದ್ದರೆ ಅವರ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು ಬರಬೇಕು. ನಿಮ್ಮಜ್ಜಿಯ ತಾಯಿ ಬರದಲ್ಲಿ ಹೋಗಲಿಲ್ಲ, ಹೊಳೆಯ ಈಚೆ ನಲವತ್ತು ವರ್ಷಕ್ಕೂ ಜಾಸ್ತಿ ಇದ್ದಳು, ಪ್ರತಿ ಜಾತ್ರೆಗೂ ಬರುತ್ತಿದ್ದಳು ಅಂತ ಅವರಿಗೆ ಹೇಳಬೇಕು.